ಬಿಸಿಲಿಗೊಂದು ಮನೆ, ಹಿಮಕ್ಕೊಂದು ಮನೆ

ಒಂದು ನಾಡಿನ ಹವೆ ಹೇಗಿದೆಯೆಂದು ತಿಳಿಯಲು ಭೂಗೋಳದ ಪುಸ್ತಕವನ್ನೇ ತೆರೆಯಬೇಕೆಂದಿಲ್ಲ; ಅಲ್ಲಿನ ಹಳೆಯ ಮನೆಗಳ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು. ಮಾಡು ಕಡಿದಾಗಿ ಇಳಿದಿದ್ದರೆ ಅಲ್ಲಿ ಮಳೆಯೋ ಹಿಮವೋ ಹೆಚ್ಚು. ಮಾಳಿಗೆ ಸಮತಟ್ಟಾಗಿದ್ದು ಗೋಡೆ ದಪ್ಪವಾಗಿದ್ದರೆ ಬಿಸಿಲು ಹೆಚ್ಚು, ಮಳೆ ಕಡಿಮೆ. ಶಾಲೆಯ ಮೆಟ್ಟಿಲನ್ನೇ ಹತ್ತದ ಮೇಸ್ತ್ರಿಗಳು ತಮ್ಮ ಊರಿನ ಸೂರ್ಯನನ್ನೂ ಗಾಳಿಯನ್ನೂ ತಲೆಮಾರುಗಳಿಂದ ಗಮನಿಸಿ, ಕಂಡುಕೊಂಡದ್ದನ್ನು ಗೋಡೆಗಳಲ್ಲಿ ಬರೆದಿಟ್ಟಿದ್ದಾರೆ. ಆ ಬರಹವನ್ನು ಓದುವುದು ಬಹುಕಾಲದಿಂದ ನನ್ನ ಮೆಚ್ಚಿನ ಹವ್ಯಾಸ. ಹತ್ತಿರದ ಮನೆಗಳನ್ನು ಕಣ್ಣಾರೆ ಕಂಡಿದ್ದೇನೆ. ದೂರದೇಶದ ಮನೆಗಳನ್ನು ಪುಸ್ತಕಗಳಲ್ಲಿ ಕಂಡಿದ್ದೇನೆ.

ಉತ್ತರಧ್ರುವಕ್ಕೆ ಸಮೀಪದ ಹಿಮಪ್ರದೇಶವನ್ನು ನೋಡಿ. ಅಲ್ಲಿ ಮರವಿಲ್ಲ, ಚಳಿಗಾಲದಲ್ಲಿ ಕೈಗೆ ಸಿಗುವುದು ಹಿಮವೊಂದೇ. ಕೆನಡಾದ ಉತ್ತರ ಭಾಗದ ಇನುಯಿಟ್ ಜನರು ಬೇಟೆಗೆ ಹೋದಾಗ ಗಟ್ಟಿ ಹಿಮವನ್ನು ಇಟ್ಟಿಗೆಗಳಂತೆ ಕತ್ತರಿಸಿ ಗುಮ್ಮಟದ ಆಕಾರದ ಇಗ್ಲೂವನ್ನು ಕಟ್ಟಿಕೊಳ್ಳುತ್ತಿದ್ದರು. ಹಿಮದಿಂದ ಬೆಚ್ಚನೆಯ ಮನೆಯೆಂದರೆ ಸೋಜಿಗವೆನಿಸುತ್ತದೆ. ಆದರೆ ಹಿಮದ ಕಣಗಳ ನಡುವೆ ಸಿಕ್ಕಿಬಿದ್ದಿರುವ ಗಾಳಿ, ಒಳಗಿನ ಶಾಖ ಹೊರಗೆ ಹೋಗದಂತೆ ತಡೆಯುತ್ತದೆ. ಬಾಗಿಲನ್ನು ತಗ್ಗಿನಲ್ಲಿಟ್ಟು, ಮಲಗುವ ಜಗಲಿಯನ್ನು ಎತ್ತರದಲ್ಲಿಡುತ್ತಾರೆ. ಭಾರವಾದ ತಣ್ಣನೆಯ ಗಾಳಿ ಕೆಳಗೆ ಉಳಿಯುತ್ತದೆ. ಹಗುರವಾದ ಬೆಚ್ಚನೆಯ ಗಾಳಿ ಮಲಗಿದವರ ಸುತ್ತ ನಿಲ್ಲುತ್ತದೆ. ಹೊರಗೆ ಸೊನ್ನೆಗಿಂತ ೪೦ ಡಿಗ್ರಿ ಕೆಳಗಿನ ಕೊರೆಯುವ ಚಳಿಯಿದ್ದಾಗಲೂ, ಸಣ್ಣ ದೀಪದ ಮತ್ತು ಮೈಯ ಕಾವಿನಿಂದಲೇ ಒಳಗಿನವರು ಆ ರಾತ್ರಿಯನ್ನು ಕಳೆಯಬಲ್ಲರು.

ಇದಕ್ಕೆ ತೀರ ವಿರುದ್ಧವಾದ ಹವೆ ಇರಾನಿನ ಯಜ಼್ದ್ ನಗರದ್ದು. ಮರುಭೂಮಿಯ ಅಂಚಿನ ಈ ಊರಿನಲ್ಲಿ ಮನೆಗಳ ಮೇಲೆ ಗೋಪುರಗಳು ಎದ್ದು ನಿಂತಿವೆ. ಅವುಗಳ ಹೆಸರು ಬಾದ್‌ಗೀರ್. ಎಂದರೆ ಗಾಳಿಯನ್ನು ಹಿಡಿಯುವುದು. ಗೋಪುರದ ನೆತ್ತಿಯಲ್ಲಿರುವ ಕಿಂಡಿಗಳು ಎತ್ತರದಲ್ಲಿ ಬೀಸುವ ಗಾಳಿಯನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸುತ್ತವೆ. ದಾರಿಯಲ್ಲಿ ನೀರಿನ ಕೊಳವಿದ್ದರೆ ಅದರ ಮೇಲೆ ಹಾಯ್ದ ಗಾಳಿ ಮತ್ತಷ್ಟು ತಂಪಾಗುತ್ತದೆ. ಗಾಳಿಯೇ ಬೀಸದ ದಿನ ಒಳಗಿನ ಬಿಸಿಗಾಳಿ ಅದೇ ಗೋಪುರದ ಮೂಲಕ ಮೇಲೇರಿ ಹೊರಗೆ ಹೋಗುತ್ತದೆ. ಅಲ್ಲಿನ ದೌಲತಾಬಾದ್ ಉದ್ಯಾನದ ಬಾದ್‌ಗೀರ್ ೩೩ ಮೀಟರಿಗೂ ಹೆಚ್ಚು ಎತ್ತರವಾಗಿದೆ. ಅದಕ್ಕೆ ಯಂತ್ರವಿಲ್ಲ, ವಿದ್ಯುತ್ತಿನ ಹಂಗಿಲ್ಲ. ಯಜ಼್ದ್‌ನ ಹಳೆಯ ನಗರವನ್ನು ೨೦೧೭ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಯಜ಼್ದ್‌ನ ವಿಷಯವನ್ನು ಓದಿದಾಗ ನನಗೆ ಬಳ್ಳಾರಿ ಸೀಮೆಯ ನಮ್ಮ ಹಿರಿಯರ ಮನೆ ನೆನಪಾಯಿತು. ಅದೂ ಬಿಸಿಲಿಗಾಗಿಯೇ ಕಟ್ಟಿದ ಮನೆ. ಕಲ್ಲು ಮತ್ತು ಕೆಸರುಮಣ್ಣಿನ ಎರಡಡಿ ದಪ್ಪದ ಗೋಡೆಗಳು; ಮೇಲೆ ತೊಲೆ, ಜಂತೆಗಳನ್ನು ಹಾಸಿ ಮಣ್ಣು ಮುಚ್ಚಿದ ಮಾಳಿಗೆ; ನಡುವೆ ಆಕಾಶವನ್ನು ಇಣುಕಿ ನೋಡುವ ಬೆಳಕಿಂಡಿ. ಹಗಲಿನ ಬಿಸಿಲು ಆ ಗೋಡೆಯನ್ನು ದಾಟಿ ಒಳಗೆ ಬರುವಷ್ಟರಲ್ಲಿ ಸಂಜೆಯಾಗಿರುತ್ತಿತ್ತು. ಆ ಹೊತ್ತಿಗೆ ನಾವು ಮಾಳಿಗೆಯ ಮೇಲೆ ಹಾಸಿಗೆ ಬಿಡಿಸಿರುತ್ತಿದ್ದೆವು. ಗೋಡೆ ತನ್ನ ಕಾವನ್ನು ರಾತ್ರಿಯ ಆಕಾಶಕ್ಕೆ ಒಪ್ಪಿಸಿ ಬೆಳಗಿನ ವೇಳೆಗೆ ತಣ್ಣಗಾಗುತ್ತಿತ್ತು.

ಕೆಲವು ವರ್ಷಗಳ ಹಿಂದೆ ಈ ಮನೆಯನ್ನು ಕೆಡವುವ ಮಾತು ಬಂದಿತು. ತೊಲೆಗಳನ್ನು ಗೆದ್ದಲು ತಿಂದಿತ್ತು. ಚಿಕ್ಕಪ್ಪನ ಮಗನಿಗೆ ಎಲ್ಲರಂತೆ ಕಾಂಕ್ರೀಟಿನ ಮನೆ ಬೇಕಾಗಿತ್ತು. ನಾನು ಮಾಳಿಗೆಯ ತಂಪನ್ನು ವರ್ಣಿಸುತ್ತಿದ್ದಾಗ, ಅದುವರೆಗೆ ಸುಮ್ಮನೆ ಕೇಳುತ್ತಿದ್ದ ಚಿಕ್ಕಮ್ಮ ಬಾಯಿಬಿಟ್ಟರು: "ತಂಪು ತಂಪು ಅಂತೀಯಲ್ಲಪ್ಪ, ನೀನು ಬರೋದು ವರ್ಷಕ್ಕೆ ಎರಡು ದಿನ. ಮಳೆಗಾಲಕ್ಕೆ ಮುಂಚೆ ಮಾಳಿಗೆ ಮೇಲೆ ಚೌಳು ಮಣ್ಣು ಹೊರೋರು ಯಾರು? ಸೋರಿದರೆ ರಾತ್ರಿಯೆಲ್ಲ ಪಾತ್ರೆ ಇಟ್ಟುಕೊಂಡು ಕೂಡೋರು ಯಾರು?"

ಆ ಪ್ರಶ್ನೆ ನ್ಯಾಯವಾದದ್ದು. ಮನೆಯ ಸೊಗಸನ್ನು ಹೊಗಳುವವನು ಒಬ್ಬ, ಅದರ ದುಡಿತವನ್ನು ಹೊರುವವರು ಇನ್ನೊಬ್ಬರಾದರೆ, ಆ ಮನೆ ಬಹುಕಾಲ ನಿಲ್ಲಲಾರದು. ಈಜಿಪ್ಟಿನಲ್ಲಿಯೂ ದೊಡ್ಡ ಪ್ರಮಾಣದಲ್ಲಿ ಇಂಥದೇ ಒಂದು ಪ್ರಸಂಗ ನಡೆದಿದೆ.

ಹಸನ್ ಫತ್ಹಿ ಆ ದೇಶದ ಹೆಸರಾಂತ ವಾಸ್ತುಶಿಲ್ಪಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮರ, ಉಕ್ಕುಗಳ ಕೊರತೆಯುಂಟಾದಾಗ ಬಡವರ ಮನೆಗೆ ಚಾವಣಿ ಹಾಕುವುದು ಹೇಗೆಂದು ಅವರು ಚಿಂತಿಸಿದರು. ದಕ್ಷಿಣದ ನೂಬಿಯಾ ಪ್ರದೇಶದ ಮೇಸ್ತ್ರಿಗಳು ಹಸಿ ಇಟ್ಟಿಗೆಯನ್ನು ಓರೆಯಾಗಿ ಗೋಡೆಗೆ ಆನಿಸುತ್ತ, ಕೆಳಗೆ ಮರದ ಆಧಾರವಿಲ್ಲದೆಯೇ ಕಮಾನು ಕಟ್ಟುವುದನ್ನು ಅವರು ಕಂಡರು. ೧೯೪೬ರಲ್ಲಿ ಲಕ್ಸರ್ ಬಳಿ ಹೊಸ ಗುರ್ನಾ ಎಂಬ ಮಣ್ಣಿನ ಗ್ರಾಮವನ್ನೇ ಕಟ್ಟತೊಡಗಿದರು. ಅದರ ಅಂಗಳ, ಕಮಾನು, ಗುಮ್ಮಟಗಳನ್ನು ಜಗತ್ತು ಮೆಚ್ಚಿತು. ಆದರೆ ಯಾರಿಗಾಗಿ ಕಟ್ಟಿದರೋ ಅವರಲ್ಲಿ ಬಹುಮಂದಿ ಅಲ್ಲಿಗೆ ಬರಲಿಲ್ಲ. ಸರಕಾರದ ಒತ್ತಾಯಕ್ಕೆ ಹಳೆಯ ಊರನ್ನೂ ಅಲ್ಲಿನ ಜೀವನೋಪಾಯವನ್ನೂ ಬಿಡಲು ಅವರು ಸಿದ್ಧರಿರಲಿಲ್ಲ. ಗ್ರಾಮ ಅರ್ಧಕ್ಕೇ ನಿಂತಿತು. ಬಿಸಿಲಿನ ಮಾತಿಗೂ ಮಣ್ಣಿನ ಮಾತಿಗೂ ಅಲ್ಲಿ ಉತ್ತರ ದೊರೆತಿತ್ತು. ಮನುಷ್ಯರ ಮಾತಿಗೆ ಮಾತ್ರ ದೊರೆತಿರಲಿಲ್ಲ.

ಹಾಗಾದರೆ ಎಲ್ಲರೂ ಕಾಂಕ್ರೀಟನ್ನೇ ಹಿಡಿಯಬೇಕೆ? ಅದರ ಬೆಲೆಯನ್ನೂ ಲೆಕ್ಕಹಾಕಬೇಕು. ಸಿಮೆಂಟನ್ನು ತಯಾರಿಸಲು ಸುಣ್ಣದ ಕಲ್ಲನ್ನು ಇತರ ವಸ್ತುಗಳೊಡನೆ ಸುಮಾರು ೧೪೫೦ ಡಿಗ್ರಿ ಉಷ್ಣತೆಯಲ್ಲಿ ಸುಡುತ್ತಾರೆ. ಉರಿಯುವ ಇಂಧನದಿಂದಲೂ, ಸುಟ್ಟ ಕಲ್ಲಿನಿಂದಲೂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಮನುಷ್ಯನ ಚಟುವಟಿಕೆಗಳಿಂದ ಜಗತ್ತಿನ ವಾತಾವರಣವನ್ನು ಸೇರುವ ಈ ಅನಿಲದಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನದು. ಇದರ ಮೇಲೆ, ಬಿಸಿಲು ನಾಡಿನಲ್ಲಿ ತೆಳುವಾದ ಕಾಂಕ್ರೀಟು ತಾರಸಿ ಹಗಲೆಲ್ಲ ಕಾದು ರಾತ್ರಿ ಆ ಕಾವನ್ನು ಮಲಗಿದವರ ಮೇಲೆ ಸುರಿಯುತ್ತದೆ. ಅದನ್ನು ತಣಿಸಲು ಮತ್ತೆ ಯಂತ್ರ, ಯಂತ್ರಕ್ಕೆ ಮತ್ತೆ ವಿದ್ಯುತ್ತು.

ಈ ಎರಡರ ನಡುವೆ ಒಂದು ದಾರಿಯಿದೆಯೆಂದು ತೋರಿಸಿಕೊಟ್ಟವರಲ್ಲಿ ಲಾರಿ ಬೇಕರ್ ಮುಖ್ಯರು. ೧೯೧೭ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಅವರು ಭಾರತವನ್ನೇ ತಮ್ಮ ನಾಡಾಗಿ ಮಾಡಿಕೊಂಡು, ೨೦೦೭ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡರು. ಮನೆಯನ್ನು ಐದು ಮೈಲಿಯ ಒಳಗೆ ಸಿಗುವ ವಸ್ತುಗಳಿಂದ ಕಟ್ಟಬೇಕೆಂಬ ಗಾಂಧೀಜಿಯವರ ವಿಚಾರ ತಮ್ಮ ಮೇಲೆ ಪ್ರಭಾವ ಬೀರಿತೆಂದು ಅವರು ಹೇಳಿಕೊಂಡಿದ್ದಾರೆ. ಇಟ್ಟಿಗೆಗಳನ್ನು ಮಲಗಿಸುವ ಬದಲು ಅಂಚಿನ ಮೇಲೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಅವರು ಗೋಡೆ ಕಟ್ಟಿಸಿದರು. ಇದರಿಂದ ಸುಮಾರು ಕಾಲು ಭಾಗದಷ್ಟು ಇಟ್ಟಿಗೆ ಉಳಿಯುತ್ತದೆ. ಪೊಳ್ಳಿನಲ್ಲಿರುವ ಗಾಳಿ ಬಿಸಿಲಿನ ಕಾವನ್ನು ತಡೆಯುತ್ತದೆ. ಇಗ್ಲೂವಿನ ಹಿಮದಲ್ಲಿದ್ದ ಗುಟ್ಟೇ ಇಲ್ಲಿಯೂ ಇದೆ.

ಅವರ ಚಾವಣಿಯ ಉಪಾಯವೂ ಸರಳವಾದದ್ದು. ಕಾಂಕ್ರೀಟಿನ ಚಾವಣಿ ಭಾರಕ್ಕೆ ಬಾಗುವಾಗ ಮೇಲುಭಾಗ ಅದುಮಿಕೊಳ್ಳುತ್ತದೆ, ಕೆಳಭಾಗ ಹಿಗ್ಗುತ್ತದೆ. ಹಿಗ್ಗನ್ನು ತಾಳುವುದು ಉಕ್ಕಿನ ಸರಳು. ಅಲ್ಲಿರುವ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲ. ಆದ್ದರಿಂದ ಸರಳುಗಳ ನಡುವೆ ಹಗುರವಾದ ಮಂಗಳೂರು ಹೆಂಚುಗಳನ್ನಿಟ್ಟು ಅಷ್ಟು ಕಾಂಕ್ರೀಟನ್ನು ಉಳಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ೧೯೭೪ರಲ್ಲಿ ಆರಂಭವಾದ 'ಅಸ್ತ್ರ' ಎಂಬ ವಿಭಾಗವು ಮಣ್ಣಿಗೆ ಸ್ವಲ್ಪವೇ ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ ಮಾಡುವ ಗಟ್ಟಿ ಇಟ್ಟಿಗೆಯನ್ನು ಬಳಕೆಗೆ ತಂದಿತು. ಅದನ್ನು ಸುಡಬೇಕಾಗಿಲ್ಲ, ಆದ್ದರಿಂದ ಸೌದೆಯೂ ಬೇಡ, ಕಲ್ಲಿದ್ದಲೂ ಬೇಡ.

ನಮ್ಮ ಮನೆಯ ವಿಚಾರವೂ ಕೊನೆಗೆ ಹೀಗೆಯೇ ಬಗೆಹರಿಯಿತು. ಅನುಭವವುಳ್ಳ ಎಂಜಿನಿಯರೊಬ್ಬರು ಗೋಡೆಗಳನ್ನು ಪರೀಕ್ಷಿಸಿ, ಉಳಿಸಬಹುದೆಂದರು. ಕೊಳೆತ ತೊಲೆಗಳನ್ನು ತೆಗೆದು, ಗೋಡೆಗಳ ನೆತ್ತಿಗೆ ಕಾಂಕ್ರೀಟಿನ ಪಟ್ಟಿಯನ್ನು ಕಟ್ಟಿ, ಅದರ ಮೇಲೆ ಹೆಂಚು ತುಂಬಿದ ಚಾವಣಿ ಹಾಕಿದರು. ಬೆಳಕಿಂಡಿ ಮೊದಲಿದ್ದಲ್ಲಿಯೇ ಉಳಿಯಿತು. ಬಿಸಿಲನ್ನು ಹಿಂದಿರುಗಿಸಲು ಮೇಲೆ ಬಿಳಿಯ ಸುಣ್ಣ ಬಳಿದರು. ಹಳೆಯ ಮಾಳಿಗೆಯಷ್ಟು ತಂಪು ಇದರಲ್ಲಿಲ್ಲ, ನಿಜ. ಪಕ್ಕದ ಬರಿಯ ಕಾಂಕ್ರೀಟು ಮನೆಯಷ್ಟು ಸೆಕೆಯೂ ಇಲ್ಲ. ಮಳೆ ಬಂದರೆ ಚಿಕ್ಕಮ್ಮ ನೆಮ್ಮದಿಯಾಗಿ ನಿದ್ದೆಮಾಡುತ್ತಾರೆ.

ಇಗ್ಲೂವಿನ ಆಕಾರವನ್ನು ಬಳ್ಳಾರಿಗೆ ತರಲಾಗದು. ಬಳ್ಳಾರಿಯ ಮಾಳಿಗೆಯನ್ನು ಆಗುಂಬೆಯ ಮಳೆಗೆ ಒಡ್ಡಲಾಗದು. ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯಬಹುದಾದದ್ದು ಅವುಗಳ ಹಿಂದಿನ ವಿಚಾರ ಮಾತ್ರ. ನೀವೂ ಒಂದು ದಿನ ಮನೆ ಕಟ್ಟುವಿರಿ. ಆಗ ನಕ್ಷೆಗೆ ಕೈಹಾಕುವ ಮೊದಲು ಕಟ್ಟುವ ಜಾಗದಲ್ಲಿ ಒಂದು ಹಗಲು, ಒಂದು ರಾತ್ರಿ ಕಳೆಯಿರಿ. ಮಧ್ಯಾಹ್ನದ ಬಿಸಿಲು ಯಾವ ಗೋಡೆಗೆ ಬೀಳುತ್ತದೆ, ಸಂಜೆಯ ಗಾಳಿ ಯಾವ ಕಡೆಯಿಂದ ಬರುತ್ತದೆ, ಕಾಲ ಕೆಳಗಿನ ಮಣ್ಣು ಎಂಥದು ಎಂಬುದನ್ನು ನೋಡಿ. ಬಳಿಕ ಆ ಮನೆಯನ್ನು ದಿನವೂ ಗುಡಿಸಿ ಸಾರಿಸುವವರನ್ನು ಕರೆದು, ಅವರಿಗೇನು ಬೇಕೆಂದು ಕೇಳಿ. ನಕ್ಷೆಯ ಮೊದಲ ಗೆರೆಯನ್ನು ಅನಂತರ ಎಳೆಯಬಹುದು.