ಅವ್ವನ ಶುಗರ್: ಕೆಲವು ಟಿಪ್ಪಣಿಗಳು

ರಾತ್ರಿ ಮಲಗುವಾಗ ಅವ್ವನ ಶುಗರ್ 131. ಬೆಳಿಗ್ಗೆ ಖಾಲಿ ಹೊಟ್ಟೆಗೆ 148. ನಡುವೆ ನೀರು ಬಿಟ್ಟರೆ ಬಾಯಿಗೆ ಏನೂ ಹೋಗಿಲ್ಲ. "ತಿನ್ನದಂಗ ಹೆಂಗಪ್ಪಾ ಏರ್ತೈತಿ?" ಎನ್ನುತ್ತಾಳೆ. ನಸುಕಿನಲ್ಲಿ ಕಾರ್ಟಿಸಾಲ್‌ನಂಥ ಹಾರ್ಮೋನುಗಳು ಏರುತ್ತವೆ, ಯಕೃತ್ತು ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತದೆ. ಇನ್ಸುಲಿನ್ ಚುರುಕಾಗಿರುವವರಿಗೆ ಇದು ಗೊತ್ತೇ ಆಗುವುದಿಲ್ಲ. ಬೆಳಗಿನ ಅಂಕಿ ಇಳಿಯಲೆಂದು ಸುಮ್ಮನೆ ರಾತ್ರಿ ಊಟ ಬಿಡಿಸಿದ್ದು ಅನ್ಯಾಯವಾಯಿತೇನೋ.

*

ನಮ್ಮೂರು ಕೋಸಗಿಯ ಯಾವ ಕಟ್ಟೆಯ ಮೇಲೆ ಕೂತರೂ ಒಂದೇ ಮಾತು: "ರೊಟ್ಟಿ ತಿಂದೋರಿಗೆ ಶುಗರ್ ಬರಲ್ಲ." ಇದು ಎರೆ ಹೊಲದ ಸೀಮೆ. ಹಿರಿಯರಿಗೆ ದಿನವೂ ಜೋಳದ ರೊಟ್ಟಿ, ಅನ್ನ ಹಬ್ಬಕ್ಕೆ. 1983ರಲ್ಲಿ ಆಂಧ್ರಪ್ರದೇಶದ ಎನ್‌.ಟಿ. ರಾಮರಾವ್ ಸರ್ಕಾರ ಕಿಲೋಗೆ ಎರಡು ರೂಪಾಯಿಯಂತೆ ಅಕ್ಕಿ ಕೊಟ್ಟ ಮೇಲೆ ಅನ್ನ ದಿನದ ಊಟವಾಯಿತು. ಹಸಿದವರಿಗೆ ಅದು ದೊಡ್ಡ ಆಸರೆ, ಅದನ್ನು ಹಳಿಯಲು ನನಗೆ ಮನಸ್ಸಿಲ್ಲ.

ಆದರೆ ಜೋಳವೂ ಪಿಷ್ಟವೇ. ನೂರು ಗ್ರಾಂನಲ್ಲಿ ಕಾರ್ಬೋಹೈಡ್ರೇಟ್ ಸುಮಾರು 70 ಗ್ರಾಂ. ಅಕ್ಕಿಯಲ್ಲಿ ಅದಕ್ಕಿಂತ ತುಸು ಹೆಚ್ಚು. ಜೋಳದಲ್ಲಿ ನಾರು ಬಹಳ ಜಾಸ್ತಿ, ಹಾಗಾಗಿ ನಿಧಾನವಾಗಿ ಅರಗುತ್ತದೆ. ಎರಡು ರೊಟ್ಟಿ, ಜೊತೆಗೆ ಪುಂಡಿಪಲ್ಯ, ಹೆಸರುಕಾಳು ಉಂಡ ದಿನ ಎರಡು ತಾಸಿಗೆ 168. ನೆಂಟರು ಬಂದ ದಿನ ಮಾತಿನ ಭರದಲ್ಲಿ ನಾಲ್ಕು ರೊಟ್ಟಿ, ಬರೀ ಶೇಂಗಾ ಪುಡಿ: 214. ಹಿಟ್ಟು ಅದೇ ಡಬ್ಬಿಯದು. ಡಾಕ್ಟರು "ಎರಡೇ ರೊಟ್ಟಿ" ಎಂದಿದ್ದರು. ಅವ್ವ ಬಡಿಯುವ ರೊಟ್ಟಿ ಹಂಚಿನ ಅಂಚು ಮೀರಿ ಹರಡಿರುತ್ತದೆ. ಯಾವ ಅಳತೆಯ ಎರಡು ಎಂದು ಯಾರೂ ಕೇಳಲಿಲ್ಲ.

*

ಏಕಾದಶಿ. ಮಂತ್ರಾಲಯ ಪಕ್ಕದಲ್ಲೇ ಇರುವ ನಮ್ಮೂರಲ್ಲಿ ಉಪವಾಸ ಮಾಡುವವರು ಬಹಳ. ಸಾಬಕ್ಕಿ ಉಪ್ಪಿಟ್ಟು, ಬಾಳೆಹಣ್ಣು. ಸಂಜೆ 240. ಸಾಬಕ್ಕಿ ಬಹುಪಾಲು ಪಿಷ್ಟವೇ.

*

ಅನ್ನ ಸಾರು ಉಂಡು ಅವ್ವನನ್ನು ಸ್ಟೇಷನ್ ರಸ್ತೆಯಲ್ಲಿ ನಿಧಾನವಾಗಿ ನಡೆಸಿಕೊಂಡು ಬಂದೆ. ಕೂತಿದ್ದ ದಿನಕ್ಕಿಂತ 50ರಷ್ಟು ಕಡಿಮೆ! ದುಡಿಯುವ ಸ್ನಾಯು ಇನ್ಸುಲಿನ್ ಕಾಯದೆಯೂ ರಕ್ತದಿಂದ ಗ್ಲೂಕೋಸ್ ಎಳೆದುಕೊಳ್ಳುತ್ತದೆ, ದಣಿದ ಸ್ನಾಯುವಿನ ಆ ಹಸಿವು ಮರುದಿನದವರೆಗೂ ಉಳಿಯಬಹುದು. ಆದರೆ ಪಕ್ಕದ ಮನೆಯ ಮಾವ ಹತ್ತಿ ಚೀಲ ಹೊತ್ತು ಬಂದು ಬೆರಳು ಚುಚ್ಚಿಸಿಕೊಂಡಾಗ ಅಂಕಿ ಏರಿತ್ತು. ಜೋರು ದುಡಿಮೆಯಲ್ಲಿ ಅಡ್ರಿನಾಲಿನ್ ಯಕೃತ್ತಿನಿಂದ ಗ್ಲೂಕೋಸ್ ಹೊರಡಿಸುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಅವರು ಗಾಬರಿಯಾಗಿ ಮಾತ್ರೆ ಹೆಚ್ಚಿಸಿಕೊಳ್ಳದಂತೆ ತಡೆದೆ.

*

ಹೊಲದಲ್ಲಿ ಬೆವರು ಸುರಿಸುವವರಿಗೂ ಶುಗರ್ ಯಾಕೆ? ಚೆನ್ನೈಯ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಊಟದ ತಿದ್ದುಪಡಿ ಮತ್ತು ದಿನಕ್ಕೆ ಅರ್ಧ ಗಂಟೆ ನಡಿಗೆಯಿಂದ ಶುಗರ್ ಅಂಚಿನಲ್ಲಿದ್ದವರಿಗೆ ಕಾಯಿಲೆ ಬರುವ ಅಪಾಯ ಶೇ. 28.5ರಷ್ಟು ತಗ್ಗಿತ್ತು. ಮೈಮುರಿದು ದುಡಿಯುವವರಿಗೆ ಇರುವ ದುಡಿಮೆಯನ್ನೇ ಮುಂದುವರಿಸಿ ಎಂದಿದ್ದರು. ನಮ್ಮಲ್ಲಿ ದುಡಿಮೆ ಮುಂದುವರಿಯುವುದಿಲ್ಲ. ಹತ್ತಿ ಬಿಡಿಸಿ, ಗುಂಟೂರಿನ ಕಡೆ ಮೆಣಸಿನಕಾಯಿಗೆ ಹೋಗಿ ಬಂದವರು ಬೇಸಿಗೆಯೆಲ್ಲ ನೆರಳಲ್ಲಿ ಕೂರುತ್ತಾರೆ. ತಟ್ಟೆಯ ಅನ್ನ ಮಾತ್ರ ಅಷ್ಟೇ ಇರುತ್ತದೆ.

*

ಮಾತ್ರೆ ನುಂಗಿ, ಕಡಿಮೆ ಉಂಡು, ಹೆಚ್ಚು ನಡೆದ ದಿನ ಅವ್ವನಿಗೆ ಕೈ ನಡುಗಿ ಬೆವರು ಬಂತು: 64. ಎಪ್ಪತ್ತರ ಕೆಳಗೆ ಹೋದರೆ ತಡಮಾಡಬಾರದು. ಸಕ್ಕರೆ ನೀರು ಕುಡಿಸಿದೆ. ಈಗ ನಡೆಯಲು ಹೊರಟಾಗ ಸಕ್ಕರೆ ಪೊಟ್ಟಣ ಜೊತೆಗಿರುತ್ತದೆ.

*

ಅದೇ ರೊಟ್ಟಿ, ಅದೇ ಪಲ್ಯ, ಅದೇ ನಡಿಗೆ. ಆದರೂ 30 ಹೆಚ್ಚು. ಹಿಂದಿನ ರಾತ್ರಿ ಕರೆಂಟಿಲ್ಲದೆ ಅವ್ವ ನಿದ್ದೆಗೆಟ್ಟಿದ್ದಳು. ಇನ್ನು ಮೇಲೆ ನಿದ್ದೆಯನ್ನೂ ಬರೆದಿಡಬೇಕು.