ಅರಿಸಿನದ ಹಾಳೆಯಲ್ಲಿ ಕೆಂಪು ಹೂವು

ವಿಜ್ಞಾನ ವಸ್ತುಪ್ರದರ್ಶನ ಬಂತೆಂದರೆ ಅನೇಕ ಪಾಲಕರು ಅಂಗಡಿಯಿಂದ ಸಿದ್ಧ ಮಾದರಿ ಕೊಂಡು ಮಕ್ಕಳ ಕೈಗಿಡುತ್ತಾರೆ. ಅಂಕವೇನೋ ಬರುತ್ತದೆ, ಮಗುವಿನ ಕೈಗೆ ಕೆಲಸವೇ ಸಿಗುವುದಿಲ್ಲ. ಇದು ಮೂವತ್ತು ವರ್ಷ ಪಾಠ ಹೇಳಿದ ನನ್ನ ಕೊರಗು.

ಅದಕ್ಕೇ ನಾನು ಮಕ್ಕಳನ್ನು ಅಡುಗೆಮನೆಗೆ ಕಳಿಸುತ್ತೇನೆ. ಒಂದು ಚಮಚ ಅರಿಸಿನಪುಡಿಯನ್ನು ಸ್ವಲ್ಪ ನೀರಿನಲ್ಲಿ ಕದಡಿ, ದಪ್ಪ ಬಿಳಿ ಹಾಳೆಗೆ ಬಳಿದು ನೆರಳಲ್ಲಿ ಒಣಗಿಸಿ. ಬಟ್ಟೆ ಸೋಪನ್ನು ನೀರಿನಲ್ಲಿ ಕರಗಿಸಿ, ಹತ್ತಿ ಸುತ್ತಿದ ಕಡ್ಡಿಯನ್ನು ಅದರಲ್ಲಿ ಅದ್ದಿ ಹೂಬಳ್ಳಿ ಬರೆಯಿರಿ. ಹಳದಿಯ ಮೇಲೆ ಕೆಂಪು ಗೆರೆ ಮೂಡುತ್ತದೆ! ಗೆರೆ ತಪ್ಪಿದರೆ ನಿಂಬೆರಸ ಸವರಿ, ಮತ್ತೆ ಹಳದಿ.

ಅರಿಸಿನದಲ್ಲಿರುವ ಕರ್ಕ್ಯುಮಿನ್ ಕ್ಷಾರ ತಗುಲಿದರೆ ಕೆಂಪಾಗುತ್ತದೆ, ಆಮ್ಲ ತಗುಲಿದರೆ ಹಳದಿಗೆ ಮರಳುತ್ತದೆ. ಅರಿಸಿನಕ್ಕೆ ಸುಣ್ಣ ಬೆರೆಸಿ ಆರತಿಯ ಕೆಂಪು ನೀರು ಮಾಡುವ ನಮ್ಮ ಅಜ್ಜಿಯರಿಗೆ ಈ ರಸಾಯನಶಾಸ್ತ್ರ ಕೈಗೇ ಗೊತ್ತಿತ್ತು. ‘ಸೂಚಕ’ ಎಂಬ ಪದವನ್ನು ಉರು ಹೊಡೆದ ಹುಡುಗ ಪರೀಕ್ಷೆ ಮುಗಿದೊಡನೆ ಮರೆಯುತ್ತಾನೆ. ಹೂ ಬರೆದವನು ಮರೆಯುವುದಿಲ್ಲ.

ಹಳೆಯ ಲಗ್ನಪತ್ರಿಕೆಯ ರಟ್ಟಿಗೆ ಅಂಟಿಸಿ, ಬಿಸಿಲು ಬೀಳದ ಗೋಡೆಗೆ ತೂಗುಹಾಕಿ. ಬೆಳಕಿಗೆ ಈ ಬಣ್ಣ ಮಾಸುತ್ತದೆ. ಮಾಸಿದರೆ ಚಿಂತೆಯಿಲ್ಲ, ಮಗು ಇನ್ನೊಂದು ಬರೆಯಲಿ.