ಸೂಜಿ ಹಾಕುವವರು, ಹಿಡಿದುಕೊಳ್ಳುವವರು

ಬಂಡೀಪುರ ದಾಟಿ ತೆಪ್ಪಕಾಡಿನಲ್ಲಿ ಎಡಕ್ಕೆ ತಿರುಗಿದರೆ ಮಸಿನಗುಡಿ. ಅಲ್ಲಿಂದ ಮಾವನಹಳ್ಳ, ಆಮೇಲೆ 36 ತಿರುವುಗಳ ಕಲ್ಲಟ್ಟಿ ಘಾಟಿ, ಮೇಲೆ ಊಟಿ. ಗುಡಿ, ಹಳ್ಳ, ಹಟ್ಟಿ... ಹೆಸರು ಕೇಳಿದರೆ ಗಡಿ ದಾಟಿದ್ದೇ ನಮಗೆ ಗೊತ್ತಾಗುವುದಿಲ್ಲ. ನಾಯಿಗೂ ಗಡಿ ಗೊತ್ತಿಲ್ಲ, ಅದರ ರೋಗಕ್ಕೂ ಗೊತ್ತಿಲ್ಲ.

ಈ ಮಾವನಹಳ್ಳದಲ್ಲಿ ನೈಜೆಲ್ ಓಟರ್ ಎಂಬವರು ಕತ್ತೆ, ಕುದುರೆ, ನಾಯಿ, ದನಗಳಿಗೆ ಒಂದು ಆಶ್ರಯ ಕಟ್ಟಿದರು. ಫಿನ್ಲೆಂಡಿನಿಂದ ಬಂದ ಪಶುವೈದ್ಯೆ ಇಲೋನಾ ಓಟರ್ ಈ ಜಿಲ್ಲೆಯಲ್ಲಿ ವರ್ಷಗಟ್ಟಲೆ ದುಡಿದರು. ವರ್ಲ್ಡ್‌ವೈಡ್ ವೆಟರ್ನರಿ ಸರ್ವಿಸ್ ಸಂಸ್ಥೆ ನೀಲಗಿರಿಯಲ್ಲಿ ತರಬೇತಿ ಕೇಂದ್ರ ತೆರೆದು, ನಾಯಿಗಳ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ನಮ್ಮ ದೇಶದ ಪಶುವೈದ್ಯರಿಗೆ ಕಲಿಸಿತು.

ಡಾಕ್ಟರ ಹೆಸರು ಎಲ್ಲರಿಗೂ ಗೊತ್ತಾಗುತ್ತದೆ. ನಾಯಿಯನ್ನು ಹಿಡಿದುಕೊಂಡವರ ಹೆಸರು? ನಮ್ಮ ಕಡೆ ದನದ ಆಸ್ಪತ್ರೆಯಲ್ಲಿ ಅವರನ್ನು ಕಂಪೌಂಡರ್ ಅಂತ ಕರೆದು ಸುಮ್ಮನಾಗುತ್ತೇವೆ. ಆದರೆ ಅವರ ಕೆಲಸ ನೋಡಿ. ಮತ್ತು ಕೊಟ್ಟ ನಾಯಿಗೆ ಮೈಯ ಬಿಸಿ ಉಳಿಸಿಕೊಳ್ಳಲು ಆಗುವುದಿಲ್ಲ. ಊಟಿಯ ಚಳಿಯಲ್ಲಂತೂ ಕೇಳಲೇಬೇಡಿ. ಅದಕ್ಕೆ ಕಂಬಳಿ ಹೊದಿಸಬೇಕು, ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಬೇಕು. ಒಸಡು ಗುಲಾಬಿ ಬಣ್ಣದಲ್ಲಿದೆಯೋ ಬಿಳುಚಿದೆಯೋ ನೋಡಬೇಕು. ಉಸಿರು ಎಣಿಸಬೇಕು. ಪೂರ್ತಿ ಎಚ್ಚರವಾಗುವ ತನಕ ಬಾಯಿಗೆ ಏನೂ ಹಾಕಬಾರದು. ನಮಗೆ 101 ಡಿಗ್ರಿ ಅಂದರೆ ಜ್ವರ, ನಾಯಿಗೆ 101ರಿಂದ 102.5 ಡಿಗ್ರಿ ಅಂದರೆ ಆರೋಗ್ಯ! ಇದನ್ನು ಮಕ್ಕಳಿಗೆ ಹೇಳಿದರೆ ಕಣ್ಣರಳಿಸುತ್ತಾರೆ.

ಪಾರ್ವೋ ಬಂದ ಮರಿಗಳ ಕಥೆ ಇನ್ನೂ ಕಷ್ಟ. ರಕ್ತಭೇದಿ, ವಾಂತಿ. ನಮಗೆ ಸಾಮಾನ್ಯವಾಗಿ ಸಿಗುವ ಮದ್ದುಗಳಲ್ಲಿ ಆ ವೈರಸ್ಸನ್ನು ಕೊಲ್ಲುವಂಥದ್ದಿಲ್ಲ. ಡ್ರಿಪ್ ಹಾಕಿ, ಹೊಲಸು ಒರೆಸಿ, ಬೆಚ್ಚಗಿಟ್ಟು, ಬೇರೆ ಮರಿಗಳಿಂದ ದೂರವಿಟ್ಟು ಕಾಯಬೇಕು. ಅಲ್ಲಿ ಶುಶ್ರೂಷೆಯೇ ಅರ್ಧ ಮದ್ದು. ಹಾಗಂತ ಮನೆಯ ಡಬ್ಬಿಯಲ್ಲಿರುವ ಮಾತ್ರೆ ಕೊಡಬೇಡಿ. ನಾವು ತಲೆನೋವಿಗೆ ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ.

ಆದರೆ ಯಾವ ಶುಶ್ರೂಷೆಗೂ ಬಗ್ಗದ ರೋಗ ಒಂದಿದೆ, ರೇಬೀಸ್. ಲಕ್ಷಣ ಕಾಣಿಸಿದ ಮೇಲೆ ನಾಯಿಯೂ ಉಳಿಯುವುದಿಲ್ಲ, ಮನುಷ್ಯರೂ ಉಳಿಯುವುದಿಲ್ಲ ಅಂದರೆ ತಪ್ಪಲ್ಲ. ನಾಯಿ ಹಿಡಿಯುವ ಕೆಲಸದವರು ಮೊದಲೇ ಅದರ ಚುಚ್ಚುಮದ್ದು ಹಾಕಿಸಿಕೊಂಡಿರಬೇಕು. 1902ರಲ್ಲಿ ಲಿಲಿ ಪಾಕೆನ್‌ಹ್ಯಾಮ್ ವಾಲ್ಷ್ ಎಂಬ ಯುವತಿ ಈ ರೋಗದಿಂದ ತೀರಿಕೊಂಡರು. ಭಾರತದ ಮೊದಲ ಪಾಶ್ಚರ್ ಸಂಸ್ಥೆ ಇದ್ದದ್ದು ದೂರದ ಕಸೌಲಿಯಲ್ಲಿ. ಆಮೇಲೆ ಅಮೆರಿಕದ ದಾನಿ ಹೆನ್ರಿ ಫಿಪ್ಸ್ ಕೊಟ್ಟ ಹಣದ ನೆರವಿನಿಂದ 1907ರಲ್ಲಿ ಕೂನೂರಿನ ಪಾಶ್ಚರ್ ಸಂಸ್ಥೆ ಶುರುವಾಯಿತು. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಅಂತ ಹಿರಿಯರು ಹೆದರಿಸುತ್ತಿದ್ದರಲ್ಲ, ಅದು ಕುರಿಯ ಮಿದುಳಿನಿಂದ ಮಾಡುತ್ತಿದ್ದ ಹಳೆಯ ಲಸಿಕೆ. ಭಾರತದಲ್ಲಿ 2004ರ ಕೊನೆಗೆ ಅದು ನಿಂತಿತು. ಈಗ ತೋಳಿಗೆ ನಾಲ್ಕೈದು ಸೂಜಿ, ಅಷ್ಟೇ. ಗಾಯ ಆಳವಾಗಿದ್ದರೆ ಗಾಯದ ಸುತ್ತಲೂ ಒಂದು ಮದ್ದು ಹಾಕುತ್ತಾರೆ.

ನಮ್ಮ ತರಗತಿಯ ಹುಡುಗನೊಬ್ಬ ಬೆರಳಿಗೆ ಕರ್ಚೀಫು ಸುತ್ತಿಕೊಂಡು ಎರಡು ದಿನ ಬಂದ. ಮೂರನೆಯ ದಿನ ಪಕ್ಕದಲ್ಲಿ ಕೂರುವವಳು, "ಟೀಚರ್, ಅವನಿಗೆ ನಾಯಿಮರಿ ಕಚ್ಚಿದೆ" ಎಂದಳು. ಯಾಕೋ ಮನೆಯಲ್ಲಿ ಹೇಳಲಿಲ್ಲ ಅಂದರೆ, "ಹೇಳಿದರೆ ಅಪ್ಪ ಮರಿಯನ್ನು ಹೊಡೆದು ಹಾಕ್ತಾರೆ ಟೀಚರ್" ಅಂದ. ಸೂಜಿಗೆ ಹೆದರಿದವನಲ್ಲ ಅವನು, ಮರಿಗಾಗಿ ಹೆದರಿದವನು! ಕೂಡಲೇ ಮನೆಯವರನ್ನು ಕರೆಸಿ ಆಸ್ಪತ್ರೆಗೆ ಕಳಿಸಿದೆವು. ಎಲ್ಲ ಸೂಜಿಯೂ ಹಾಕಿಸಿಕೊಂಡ. ಮರಿಯನ್ನು ಹತ್ತು ದಿನ ಕಟ್ಟಿಹಾಕಿ ನೋಡಿದರು, ಅದಕ್ಕೂ ಏನೂ ಆಗಲಿಲ್ಲ.

ಅಂದಿನಿಂದ ನಮಗೆ ಅನ್ನಿಸಿದ್ದು ಇದು. ಶಂಕಿತ ನಾಯಿ ಕಡಿತಕ್ಕೆ ಸಿಕ್ಕವರಲ್ಲಿ ನೂರಕ್ಕೆ ನಲವತ್ತರಷ್ಟು ಮಂದಿ ಹದಿನೈದು ವರ್ಷದೊಳಗಿನ ಮಕ್ಕಳು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ಮಕ್ಕಳು ಬಾಯಿಬಿಟ್ಟು ಹೇಳಬೇಕಾದರೆ, ಹೇಳಿದರೆ ನಾಯಿ ಸಾಯುವುದಿಲ್ಲ ಅಂತ ಅವರಿಗೆ ಗೊತ್ತಿರಬೇಕು. ಊರಿನ ನೂರು ನಾಯಿಗಳಲ್ಲಿ ಎಪ್ಪತ್ತಕ್ಕೆ ಲಸಿಕೆ ಹಾಕಿದರೆ ರೋಗ ಹರಡುವುದು ನಿಲ್ಲುತ್ತದೆ. ದೊಣ್ಣೆಯಿಂದ ನಿಂತದ್ದಿಲ್ಲ.

ಮೇಷ್ಟ್ರುಗಳೇ, ಟೀಚರುಗಳೇ, ನಿಮ್ಮ ತರಗತಿಯಲ್ಲೂ ಇಷ್ಟು ಹೇಳಿಬಿಡಿ. ನಾಯಿ ಕಚ್ಚಲಿ, ಪರಚಲಿ, ಮರಿಯೇ ಆಗಲಿ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಖಾರದಪುಡಿ ಬೇಡ. ಅದೇ ದಿನ ಆಸ್ಪತ್ರೆ. ಸೆಪ್ಟೆಂಬರ್ 28, ಲೂಯಿ ಪಾಶ್ಚರ್ ತೀರಿಕೊಂಡ ದಿನ, ವಿಶ್ವ ರೇಬೀಸ್ ದಿನ. ಅವತ್ತು ಪ್ರಾರ್ಥನೆಯ ಹೊತ್ತಿಗೆ ನಿಮ್ಮೂರ ದನದ ಆಸ್ಪತ್ರೆಯ ಡಾಕ್ಟರನ್ನು ಕರೆಯಿರಿ. ಜೊತೆಗೆ ಕಂಪೌಂಡರನ್ನೂ ಕರೆಯಿರಿ. ನಾಯಿಯನ್ನು ಹೇಗೆ ಹಿಡಿಯಬೇಕು ಅಂತ ಮಕ್ಕಳು ಕೇಳುವುದು ಅವರನ್ನೇ!